ಸಿದ್ದಯ್ಯನ ಗೊನೆ, ನಮ್ಮ ಮೈದುನನ ತೋಟ

ಹಣ್ಣಿನ ಅಂಗಡಿಯ ಮುಂದೆ ನಿಂತಾಗಲೆಲ್ಲ ನನ್ನ ಬಾಯಿಂದ ಒಂದು ಪೆದ್ದು ಪ್ರಶ್ನೆ ತಾನಾಗಿ ಹೊರಟುಬಿಡುತ್ತದೆ. "ಚೆನ್ನಾಗಿದೆಯೇನಪ್ಪ?" ಮಾರುವವನನ್ನೇ ಕೇಳಿದರೆ ಅವನು ಇನ್ನೇನು ಹೇಳಿಯಾನು? "ಸಕ್ಕರೆ ಕಣಮ್ಮ" ಎನ್ನುತ್ತಾನೆ. ಮಗಳು ಪಕ್ಕದಲ್ಲಿದ್ದರೆ ಮೊಣಕೈಯಿಂದ ತಿವಿಯುತ್ತಾಳೆ. ಈಗ ಗಾಜಿನ ಬಾಗಿಲಿನ ಅಂಗಡಿಗಳಲ್ಲಿ ಬಾಳೆಹಣ್ಣಿಗೂ ಪುಟ್ಟ ಚೀಟಿ ಅಂಟಿಸಿ ಇಟ್ಟಿರುತ್ತಾರೆ, ಕೇಳೋಣವೆಂದರೆ ಎದುರಿಗೆ ಮನುಷ್ಯರೇ ಇರುವುದಿಲ್ಲ. ಆದರೂ ನಾನು ಬಿಡುವವಳಲ್ಲ, ಬಿಲ್ ಹಾಕುವ ಹುಡುಗಿಯನ್ನು ಹಿಡಿದು ಕೇಳುತ್ತೇನೆ. ಅವಳು ನನ್ನನ್ನು ಯಾವ ಥರ ನೋಡುತ್ತಾಳೆ ಎಂಬುದನ್ನು ನಾನು ಬರೆಯಬೇಕಾಗಿಲ್ಲ.

ಈ ಚಾಳಿಯನ್ನು ನನಗೆ ಅಂಟಿಸಿದವರು ನಂಜನಗೂಡಿನ ಬಾಳೆಹಣ್ಣಿನ ಸಿದ್ದಯ್ಯ. ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ತಗಡಿನ ಚಪ್ಪರದ ಅಂಗಡಿ. ನಾನು ಮದುವೆಯಾಗಿ ದೇವನೂರಿನ ಹತ್ತಿರದ ಗಂಡನ ಮನೆಗೆ ಬಂದ ಹೊಸತು. ಪೇಟೆಗೆ ಬಂದವಳು ಅವರ ಅಂಗಡಿಯ ಮುಂದೆ ನಿಂತು ಇದೇ ಪ್ರಶ್ನೆ ಕೇಳಿದೆ. ಅವರು ನನ್ನ ಮುಖವನ್ನೂ ನೋಡದೆ, "ಚೆನ್ನಾಗಿಲ್ಲ ಕಣವ್ವ, ಸಪ್ಪೆ. ಮಳೆ ಕುಡ್ದದೆ. ನಾಡಿದ್ದು ಬನ್ನಿ" ಎಂದರು. ನಾನು ಪಕ್ಕದ ಗೊನೆ ತೋರಿಸಿದೆ. "ಅದು ಹೊಗೆ ಹಾಕಿ ಮಾಗ್ಸಿದ್ದು, ಮಕ್ಕಳಿಗೆ ಕೊಡ್ಬ್ಯಾಡಿ." ಅದರ ಪಕ್ಕದ್ದು? "ಅದು ಪರವಾಗಿಲ್ಲ. ಆದ್ರೆ ನೀವು ಬಸ್ಸಲ್ಲಿ ತಕ್ಕೊಂಡೋಗೋ ಒತ್ಗೆ ಅರ್ಧ ಉದುರೋಯ್ತದೆ." ಕೊನೆಗೆ ಅಲ್ಲಿಂದ ನಾನು ಒಂದು ಚಿಪ್ಪು ಹಣ್ಣು ಕೊಳ್ಳುವುದಕ್ಕೆ ಅವರನ್ನು ಗೋಗರೆಯಬೇಕಾಯಿತು.

ಇದನ್ನು ಓದಿ ನೀವು ಸಿದ್ದಯ್ಯನವರನ್ನು ತಣ್ಣಗಿನ ಸಾಧು ಮನುಷ್ಯ ಎಂದುಕೊಂಡರೆ ತಪ್ಪು. ಅವರ ಪ್ರಾಮಾಣಿಕತೆಗೆ ಜಗಳಗಂಟನ ಗುಣವಿತ್ತು. ತಾನು ಸುಳ್ಳು ಹೇಳದಿದ್ದರೆ ಸಾಲದು, ತನ್ನ ಅಂಗಡಿಯ ಮುಂದೆ ನಿಂತವರೂ ಹೇಳಕೂಡದು. ಗಿರಾಕಿ ಸುಮ್ಮನೆ ಬಾಯುಪಚಾರಕ್ಕೆ "ಘಮ್ ಅಂತದೆ" ಎಂದರೂ, "ಎಲ್ಲಿ ಘಮ್ ಅಂತದೆ? ಪಕ್ಕದ ಊದುಬತ್ತಿ ಅಂಗಡೀದು ಅದು" ಎಂದು ತಿದ್ದುತ್ತಿದ್ದರು. ಅವರ ಹೆಂಡತಿ ಒಳಗಿನಿಂದ ಹಣೆ ಚಚ್ಚಿಕೊಳ್ಳುತ್ತಿದ್ದರು.

ಇನ್ನು ಇನ್ನೊಬ್ಬ ನಾಯಕ, ನಮ್ಮ ಮೈದುನ ಗುರುಸ್ವಾಮಿ. ನನ್ನ ಗಂಡನ ತಮ್ಮ. ನೋಡಲು ಲಕ್ಷಣವಾಗಿದ್ದ, ಇಸ್ತ್ರಿ ಮಾಡಿದ ಅಂಗಿ, ಸಂಜೆಯಾದರೂ ತೆಗೆಯದ ಕಪ್ಪು ಕನ್ನಡಕ, ಟ್ರ್ಯಾಕ್ಟರ್ ಓಡಿಸುವಾಗಲೂ ಮಡಿಕೆ ಕೆಡದ ಪ್ಯಾಂಟು. ಹೊಲದ ಕೆಲಸದಲ್ಲಿ ಸೋಮಾರಿಯಲ್ಲ. ಆದರೆ ಬಾಯಿ ತೆಗೆದರೆ ರೈಲು. ಕಪಿಲಾ ಹೊಳೆ ತುಂಬಿ ಹರಿಯುವಾಗ ಒಬ್ಬ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ಈಜಿ ದಾಟಿಸಿದ ಕಥೆಯನ್ನು ನಾನು ಬಂದ ವಾರದಲ್ಲೇ ಕೇಳಿದೆ. ಹರಿಗೋಲಿನಲ್ಲಿ ನಡುವೆ ಕುಳಿತು ಕಣ್ಣು ಮುಚ್ಚಿಕೊಂಡು ಆ ಮುದುಕಿಯ ಸೆರಗು ಹಿಡಿದಿದ್ದ ಎಂದು ಆಮೇಲೆ ಅತ್ತೆ ಹೇಳಿದರು. ಛತ್ರಿಯಿಂದ ಚಿರತೆ ಓಡಿಸಿದ ಕಥೆಯೂ ಇತ್ತು. ಅದರಲ್ಲಿ ಛತ್ರಿ ಮಾತ್ರ ನಿಜ, ಈಗಲೂ ಮನೆಯಲ್ಲಿದೆ.

ಅವನ ಬಡಾಯಿಯಲ್ಲಿ ವಿಷವಿರಲಿಲ್ಲ, ಯಾರಿಗೂ ಅದರಿಂದ ಕೇಡಾಗಿರಲಿಲ್ಲ. ಮನೆಯಲ್ಲಿ ರೇಡಿಯೋ ಹಾಡುತ್ತಿದ್ದ ಹಾಗೆ ಅದೂ ಒಂದು ಕಡೆ ನಡೆಯುತ್ತಿರುತ್ತಿತ್ತು, ನಾವು ನಮ್ಮ ಕೆಲಸ ಮಾಡಿಕೊಳ್ಳುತ್ತಿದ್ದೆವು. ತೊಂದರೆಯಾಗಿದ್ದು ಆ ರೇಡಿಯೋ ನನ್ನ ತವರೂರು ತಿ. ನರಸೀಪುರದಲ್ಲಿ ಹಾಡಿದಾಗ.

ನನ್ನ ಅಣ್ಣ ಅಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಗುರುಸ್ವಾಮಿಯೂ ನಮ್ಮ ಜೊತೆ ಬಂದಿದ್ದ. ಪಂಕ್ತಿಯಲ್ಲಿ ಬಡಿಸಲು ನಮ್ಮ ನೆರೆಮನೆಯ ಚನ್ನಪ್ಪನವರ ಮಗಳು ಮಂಗಳ ನಿಂತಿದ್ದಳು. ಆಗ ಟೀಚರ್ ಟ್ರೇನಿಂಗ್ ಮುಗಿಸಿದ್ದಳು. ಮಾತು ಕಡಿಮೆ, ಆಡಿದರೆ ನೇರ. ಎಲೆಯ ತುದಿಗೆ ಬಾಳೆಹಣ್ಣು ಇಡುತ್ತ ಬಂದವಳು ನಮ್ಮ ಮೈದುನನ ಎಲೆಯ ಹತ್ತಿರ ಬಂದಾಗ ಇವನು ಕನ್ನಡಕ ತೆಗೆದ. ಊಟದ ಹೊತ್ತಿನಲ್ಲಿ ಅವನು ಕನ್ನಡಕ ತೆಗೆದದ್ದನ್ನು ನೋಡಿಯೇ ನನಗೆ ವಿಷಯ ಅರ್ಥವಾಯಿತು.

"ಇದಕ್ಕೆ ಬಾಳೆಅಣ್ಣು ಅಂತೀರಾ ನಿಮ್ ಕಡೆ?" ಎಂದ. "ನಮ್ ತೋಟದ ರಸಬಾಳೆ ತಿಂದ್ರೆ ಇದ್ನ ದನಕ್ಕೆ ಹಾಕ್ತೀರಿ. ಒಂದ್ ಗೊನೆ ಮನೇಲಿಟ್ರೆ ಮೂರು ಬೀದಿಗೆ ವಾಸ್ನೆ."

ಮಂಗಳ ಹಣ್ಣಿನ ತಟ್ಟೆ ಹಿಡಿದು ನಿಂತಳು. "ನಮ್ಮಪ್ಪ ರಸಬಾಳೆ ಎಲ್ಲೂ ಉಳಿದಿಲ್ಲ ಅಂತಿದ್ರು. ನಿಮ್ಮಲ್ಲಿ ಇದ್ಯಾ?"

"ಇದ್ಯಾ ಅಂದ್ರೆ? ತೋಟಕ್ಕೆ ತೋಟವೇ ನಿಂತದೆ."

"ಹಾಗಾದ್ರೆ ಈ ಕಡೆ ಬರುವಾಗ ಒಂದು ಗೊನೆ ತನ್ನಿ. ಅಪ್ಪನಿಗೆ ಇಷ್ಟ," ಎಂದು ಮುಂದಿನ ಎಲೆಗೆ ಹೋದಳು.

ಇಲ್ಲಿ ರಸಬಾಳೆಯ ಬಗ್ಗೆ ಎರಡು ಮಾತು ಹೇಳದೆ ಮುಂದಕ್ಕೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ನಾನು ಚಿಕ್ಕವಳಿದ್ದಾಗ ನಂಜನಗೂಡಿನ ಕಡೆಯಿಂದ ನೆಂಟರು ಬಂದರೆ ಅವರ ಕೈಚೀಲದೊಳಗಿನ ಹಣ್ಣಿನ ವಾಸನೆ ಅವರಿಗಿಂತ ಮೊದಲು ಒಳಗೆ ಬರುತ್ತಿತ್ತು. ಅಮ್ಮ ಅದನ್ನು ನಮ್ಮ ಕಣ್ಣು ತಪ್ಪಿಸಿ ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದಳು. ಮೂಗಿಗೆ ಏನು ಮಾಡುತ್ತಾಳೆ? ನಾನು ನೇರ ಹೋಗಿ ಅಕ್ಕಿಯೊಳಗೆ ಮೊಣಕೈಯವರೆಗೆ ಕೈ ಹಾಕುತ್ತಿದ್ದೆ. ಹಣ್ಣು ತಿಂದಾದ ಮೇಲೆ ಆ ತೆಳ್ಳನೆ ಸಿಪ್ಪೆಯನ್ನು ಎಸೆಯಲಾರದೆ ಶಾಲೆಯ ಚೀಲದಲ್ಲಿ ಇಟ್ಟುಕೊಂಡಿದ್ದೆ. ಸಮಾಜ ಪುಸ್ತಕ ಘಮಘಮಿಸಿತು, ಮಾರನೆಯ ದಿನ ಇರುವೆಗಳೂ ಬಂದವು, ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಮೊಗಲ್ ದೊರೆಗಳ ಹೆಸರು ಈಗಲೂ ಬಾಳೆಹಣ್ಣಿನ ವಾಸನೆಯೊಂದಿಗೇ ನೆನಪಾಗುತ್ತದೆ.

ಆಮೇಲೆ ಬಾಳೆಗೆ ಆ ಸೊರಗುವ ರೋಗ ಬಂತು. ಗಿಡ ನೋಡಲು ಚೆನ್ನಾಗಿರುತ್ತದೆ, ಒಂದು ದಿನ ಎಲೆ ಹಳದಿಯಾಗಿ ಜೋತುಬೀಳುತ್ತದೆ, ಬುಡ ಸೀಳಿದರೆ ಒಳಗೆ ಕೆಂಪಗೆ ಕೊಳೆತಿರುತ್ತದೆ. ಆ ಮಣ್ಣಿನಲ್ಲಿ ಮತ್ತೆ ನೆಟ್ಟರೂ ಅದೇ ಗತಿ. ಒಂದೊಂದೇ ತೋಟ ಹೋಯಿತು. ನಮ್ಮ ಮಾವನವರ ತೋಟವೂ ನಾನು ಮದುವೆಯಾಗಿ ಬರುವ ಮುಂಚೆಯೇ ಹೋಗಿ ಅಲ್ಲಿ ಕಬ್ಬು ನಿಂತಿತ್ತು. ಗುರುಸ್ವಾಮಿ ಹೇಳಿದ ತೋಟದಲ್ಲಿ ಒಂದು ರಸಬಾಳೆಯ ಗಿಡವೂ ಇರಲಿಲ್ಲ. ನಾನಾದರೋ ಅಲ್ಲಿಯವರೆಗೆ ಅವನ ಬಾಯಲ್ಲಿ ಆ ತೋಟದ ಮಾತನ್ನೇ ಕೇಳಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ತಿರುಗಿಕೊಂಡು, "ಅತ್ಗೆ, ಆ ಉಡುಗಿ ಮನೇಲಿ ಕೇಳಿ ನೋಡಿ" ಎಂದ. ಅವನು ಹೀಗೆ ಒಂದೇ ವಾಕ್ಯದಲ್ಲಿ ಮಾತು ಮುಗಿಸಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಹಾಗಾಗಿ ಇದು ತಮಾಷೆಯಲ್ಲ ಎಂದು ಗೊತ್ತಾಯಿತು.

ಕೇಳಿದೆ. ಚನ್ನಪ್ಪನವರು ನನ್ನನ್ನು ಮಗುವಾಗಿದ್ದಾಗಿನಿಂದ ಬಲ್ಲವರು. ನಾಲೆ ಬಯಲಲ್ಲಿ ಭತ್ತ ಬೆಳೆಯುವ ಮನುಷ್ಯ, ಮೆಲುಮಾತು. ಆದರೆ ಅವರ ಒಂದು ಕಟ್ಟುನಿಟ್ಟು ಊರಿಗೇ ಗೊತ್ತಿತ್ತು. ಹಿಂದಿನ ವರ್ಷ ಮಂಗಳಳಿಗೆ ಬಂದಿದ್ದ ಗಂಡು ತನಗೆ ಕಾಯಂ ಕೆಲಸ ಎಂದು ಹೇಳಿ ಅದು ಸುಳ್ಳೆಂದು ತಿಳಿದಾಗ, ಮಾಡಿಸಿದ್ದ ಕೇಸರಿಬಾತನ್ನು ಹಾಗೇ ಬಿಟ್ಟು ಎಲ್ಲರನ್ನೂ ಎಬ್ಬಿಸಿ ಕಳಿಸಿದ್ದರು. "ಗಂಡು ಬಡವನಾದ್ರೂ ಸರಿಯೇ ಕಣಮ್ಮ, ಇಲ್ದೇ ಇರೋದನ್ನ ಅದೆ ಅನ್ನೋನು ಬ್ಯಾಡ" ಎಂದು ನನಗೂ ಹೇಳಿದರು. ನಾನು, "ಹುಡುಗ ಒಳ್ಳೆಯವನು, ಮಾತು ಮಾತ್ರ ಸ್ವಲ್ಪ ಜಾಸ್ತಿ" ಎಂದೆ. ಬರಲಿ ನೋಡೋಣ ಎಂದರು. "ರಸಬಾಳೆ ಗೊನೆ ತತ್ತಾರಂತೆ, ಮಂಗಳ ಹೇಳಿದ್ಲು" ಎಂದೂ ಸೇರಿಸಿದರು. ನನಗೆ ಕೇಸರಿಬಾತಿನ ನೆನಪಾಯಿತು.

ಮನೆಗೆ ಬಂದು ಗುರುಸ್ವಾಮಿಗೆ ಬುದ್ಧಿ ಹೇಳಿದೆ. ತಮಾಷೆಗೆ ಅಂದೆ ಎಂದುಬಿಡು, ಹೋಗುವಾಗ ಒಂದಿಷ್ಟು ಸೇಬು ತಗೊಂಡು ಹೋಗೋಣ ಎಂದೆ. ಅವನು ಒಪ್ಪಲಿಲ್ಲ. ಗಂಡಸಿನ ಮಾತು ಅಂದರೆ ಮಾತು ಎಂದ. ಮಾತಿಗೆ ತಕ್ಕ ತೋಟ ಎಲ್ಲಿದೆಯಪ್ಪ ಎಂದು ಕೇಳಿದರೆ ಕನ್ನಡಕ ಹಾಕಿಕೊಂಡ.

ಹೆಣ್ಣು ನೋಡಲು ಹೊರಟ ಬೆಳಿಗ್ಗೆ ನಾವು ಅತ್ತೆ, ನಾನು, ನನ್ನ ಗಂಡ ಮತ್ತು ಗುರುಸ್ವಾಮಿ ನಂಜನಗೂಡಿನಲ್ಲಿ ಇಳಿದೆವು. ಮಾವನವರಿಗೆ ಕಾಲುನೋವು, ಬಂದಿರಲಿಲ್ಲ. ನರಸೀಪುರದ ಬಸ್ಸು ಆಗಲೇ ನಿಂತಿತ್ತು. ಹೂವು, ಎಲೆ ಅಡಿಕೆ ತೆಗೆದುಕೊಂಡು ತಿರುಗಿ ನೋಡುತ್ತೇನೆ, ನಮ್ಮ ಮೈದುನ ಇಡೀ ಸಾಲಿನಲ್ಲಿ ಯಾವ ಅಂಗಡಿಗೆ ಹೋಗಬಾರದೋ ಅದೇ ಅಂಗಡಿಯ ಮುಂದೆ ನಿಂತಿದ್ದಾನೆ. ಚಪ್ಪರದ ಕೋಲಿಗೆ ಒಂದು ಗೊನೆ ತೂಗುತ್ತಿತ್ತು. ಹೊಂಬಣ್ಣ, ತೆಳು ಸಿಪ್ಪೆ, ನೋಡಲು ರಸಬಾಳೆಯ ಹಾಗೇ ಇತ್ತು.

"ಸಿದ್ದಯ್ಯ, ಆ ರಸಬಾಳೆ ಗೊನೆ ಇಳ್ಸಿ," ಎಂದ ಗುರುಸ್ವಾಮಿ, ಬಸ್ಸಿನವರಿಗೂ ಕೇಳುವಂತೆ.

"ರಸಬಾಳೆ ಅಲ್ಲ ಸಾ. ಸತ್ಯಮಂಗಲದ ಕಡೆಯಿಂದ ಲಾರೀಲಿ ಬಂದದ್ದು. ಅದೇ ಜಾತಿ ಥರ ಕಾಣ್ತದೆ, ಅಷ್ಟೇಯ."

"ರಸಬಾಳೆ ಕಣ್ರೀ ಅದು. ನಂಗೆ ಗೊತ್ತಿಲ್ವಾ? ರಸಬಾಳೆ ತೋಟದಲ್ಲೇ ಹುಟ್ಟಿ ಬೆಳ್ದೋನು ನಾನು."

"ನೀವು ಎಲ್ಲಾದ್ರೂ ಉಟ್ಟಿ ಸಾ, ಈ ಅಣ್ಣು ಸತ್ಯಮಂಗಲದಲ್ಲೇ ಉಟ್ಟಿರೋದು."

ನೀವು ಎಷ್ಟೋ ಅಂಗಡಿ ಜಗಳ ನೋಡಿರುತ್ತೀರಿ. ಕೊಳ್ಳುವವನು ಸರಕನ್ನು ಹಳಿಯುತ್ತಾನೆ, ಮಾರುವವನು ಹೊಗಳುತ್ತಾನೆ. ಇಲ್ಲಿ ತಲೆಕೆಳಗು. ಕೊಳ್ಳುವವನು ಹಣ್ಣನ್ನು ಅಟ್ಟಕ್ಕೇರಿಸುತ್ತಿದ್ದಾನೆ, ಮಾರುವವರು ಕಾಲು ಹಿಡಿದು ಕೆಳಕ್ಕೆಳೆಯುತ್ತಿದ್ದಾರೆ. ಗುರುಸ್ವಾಮಿ ಗೊನೆಗೆ ಮೂಗು ತಾಗಿಸಿ ಕಣ್ಣು ಮುಚ್ಚಿ, "ಆಹಾ, ಇದು ಸಾಕ್ಷಾತ್ ಕಪಿಲೆ ದಡದ ಮಣ್ಣಿನ ವಾಸ್ನೆ" ಎಂದ. ಸಿದ್ದಯ್ಯ, "ಅದು ಲಾರಿ ಟಾರ್ಪಾಲಿನ ವಾಸ್ನೆ" ಎಂದರು. ಸುತ್ತ ಜನ ಸೇರಿದರು. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ; ಅದುವರೆಗೆ ಆ ಅಭ್ಯಾಸ ನನಗಿರಲಿಲ್ಲ.

"ನೀವು ಕೊಡ್ತೀರೋ ಇಲ್ವೋ?" ಎಂದ ಮೈದುನ.

"ಕೊಡಕ್ಕೇನು, ಯಾಪಾರಕ್ಕೇ ಕುಂತಿವ್ನಿ. ಲಾರಿ ಅಣ್ಣು ಕೊಡಿ ಅಂತ ನಿಮ್ ಬಾಯಲ್ಲಿ ಒಂದ್ ಮಾತು ಅನ್ನಿ, ತಕ್ಕೊಂಡೋಗಿ."

"ಯಾಕನ್ಬೇಕು? ನಾನ್ ಕೊಂಡ ಮೇಲೆ ನಂದು. ನಾನು ಅದಕ್ಕೆ ಏನ್ ಬೇಕಾದ್ರೂ ಎಸ್ರಿಡ್ತೀನಿ."

"ಊರಾಚೆ ಓಗಿ ಇಡಿ. ನನ್ ಅಂಗಡಿ ಮುಂದೆ ಬ್ಯಾಡ."

ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು. ಗುರುಸ್ವಾಮಿ ದುಡ್ಡನ್ನು ಗಲ್ಲಾದ ಮೇಲಿಟ್ಟು, ಗೊನೆಯನ್ನು ತಾನೇ ಇಳಿಸಿಕೊಂಡು ಹೆಗಲಿಗೇರಿಸಿ, "ನರಸೀಪುರದಲ್ಲಿ ಎಣ್ಣಿನ ಮನೆಗೆ ನಮ್ ತೋಟದ ರಸಬಾಳೆ ಓಯ್ತಾ ಅದೆ, ನೋಡ್ಕಳಿ" ಎಂದು ಹೇಳಿಯೇ ಬಸ್ಸು ಹತ್ತಿದ. ಆ ಕೊನೆಯ ಮಾತೊಂದನ್ನು ನುಂಗಿಕೊಂಡಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ಬಸ್ಸು ಹೊರಟು ತಿರುವಿನಲ್ಲಿ ನಿಧಾನವಾದಾಗ ಹಿಂದಿನ ಬಾಗಿಲಿನಿಂದ ಏದುಸಿರು ಬಿಡುತ್ತ ಸಿದ್ದಯ್ಯ ಹತ್ತಿದರು. ಹೆಗಲ ಮೇಲೆ ಟವೆಲ್, ಬರಿಗಾಲು. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಬಂದಿದ್ದರು.

"ನೀವ್ಯಾಕೆ ಬಂದ್ರಿ?" ನನ್ನ ಗಂಡ ಗಾಬರಿಯಿಂದ ಕೇಳಿದರು.

ಸಿದ್ದಯ್ಯ ಗೊನೆಯ ದಂಟನ್ನು ತೋರಿಸಿದರು. ಅದರ ಮೇಲೆ ಸುಣ್ಣದಲ್ಲಿ ಒಂದು ಗೀಟು, ಕೆಳಗೆ ಒಂದು ಬೊಟ್ಟು. ಮಂಡಿಯಲ್ಲಿ ಗೊನೆ ಹಿಡಿದ ವ್ಯಾಪಾರಿಗಳು ಯಾರ ಮಾಲು ಯಾರದೆಂದು ತಿಳಿಯಲು ಹೀಗೆ ಗುರುತು ಹಾಕುತ್ತಾರೆ. "ಇದು ನನ್ ಗುರ್ತು. ನರಸೀಪುರದಲ್ಲಿ ಎಷ್ಟು ಮದ್ವೆಗೆ ನಾನು ಗೊನೆ ಕಳಿಸಿವ್ನಿ. ಕಂಡೋರು ಏನಂತಾರೆ? ಸಿದ್ದಯ್ಯ ಲಾರಿ ಅಣ್ಣನ್ನ ರಸಬಾಳೆ ಅಂತ ತಲೆಗೆ ಕಟ್ತಾನೆ ಅಂತಾರೆ. ಆಮೇಲೆ ನಾನು ಯಾವ ಮುಖ ಇಟ್ಕೊಂಡು ಯಾಪಾರ ಮಾಡ್ಲಿ?"

"ಅಯ್ಯೋ, ಗುರುತು ಅಳಿಸಿಬಿಡಿ, ಆಯ್ತಲ್ಲ," ಎಂದೆ ನಾನು. ನನ್ನ ಜಾಣತನಕ್ಕೆ ನನಗೇ ಸಂತೋಷವಾಗಿತ್ತು.

ಸಿದ್ದಯ್ಯ ನನ್ನನ್ನು ನೋಡಿದರು. "ನನ್ ಗುರ್ತ ನಾನೇ ಅಳಿಸ್ಲಾ? ಕಳ್ಳನಾ ಕಣವ್ವ ನಾನು?" ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡೆ.

ಗುರುಸ್ವಾಮಿಯೂ ಅಳಿಸಲು ಹೋಗಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಸುಣ್ಣದ ಗುರುತಿದ್ದರೆ ದೊಡ್ಡ ತೋಟದ ಮಾಲಿನ ಹಾಗೆ ಕಾಣುತ್ತದೆ ಎಂದು ಅದನ್ನು ಮೇಲೆ ಕಾಣುವಂತೆ ತಿರುಗಿಸಿಟ್ಟುಕೊಂಡ.

ಕಂಡಕ್ಟರ್ ಬಂದು ಗೊನೆ ಯಾರದೆಂದು ಕೇಳಿದ. "ನಮ್ ತೋಟದ್ದು" ಎಂದ ಗುರುಸ್ವಾಮಿ. "ಸತ್ಯಮಂಗಲದ್ದು" ಎಂದರು ಸಿದ್ದಯ್ಯ. "ಎಲ್ಲೀದಾದ್ರೂ ಆಗ್ಲಿ, ಲಗೇಜ್ ತಗೊಳ್ಳಿ" ಎಂದ ಕಂಡಕ್ಟರ್. ಅಲ್ಲಿಂದ ಇಡೀ ಬಸ್ಸು ಪಂಚಾಯಿತಿಯಾಯಿತು. ಮುಂದಿನ ಸೀಟಿನ ಅಜ್ಜಿ, "ತನ್ನಿ ಇಲ್ಲಿ, ನಾನೇಳ್ತೀನಿ. ನಮ್ಮಟ್ಟೀಲಿ ರಸಬಾಳೆ ಇತ್ತು" ಎಂದು ಒಂದು ಹಣ್ಣು ಮುರಿದು ತಿಂದಳು. ಎಲ್ಲರೂ ಕಾದೆವು. "ನಂಗೆ ಒಂದ್ ಅಲ್ಲೂ ಇಲ್ಲ. ಮೆತ್ತಗದೆ, ಅಷ್ಟೇ ಗೊತ್ತಾಯ್ತದೆ" ಎಂದಳು. ಹಲ್ಲಿದ್ದವರು ತಿಂದರೆ ಗೊತ್ತಾಗುತ್ತದೆ ಎಂದು ಚಿಕ್ಕಯ್ಯನಛತ್ರದ ಕಡೆಯ ಒಬ್ಬರು ಮುಂದೆ ಬಂದರು. ಅವರು ತಿಂದು ಗುರುಸ್ವಾಮಿಯ ಪರ ಹೇಳಿದರು. ಅವರ ಪಕ್ಕದವರು ತಿಂದು ಸಿದ್ದಯ್ಯನ ಪರ ಹೇಳಿದರು. ಒಬ್ಬರು ಒಂದು ಹಣ್ಣಿನಿಂದ ತೀರ್ಮಾನ ಮಾಡಲಾಗದು ಎಂದು ಇನ್ನೊಂದು ಕೇಳಿದರು. ಡ್ರೈವರಿಗೂ ಒಂದು ಹೋಯಿತು. ನರಸೀಪುರದಲ್ಲಿ ಇಳಿಯುವ ಹೊತ್ತಿಗೆ ಗೊನೆಯ ಕೆಳಗಿನ ಚಿಪ್ಪುಗಳು ಪೂರ್ತಿ ಮಾಯವಾಗಿದ್ದವು, ತೀರ್ಪು ಮಾತ್ರ ಬಂದಿರಲಿಲ್ಲ.

ಇಳಿದ ಮೇಲೆ ಅತ್ತೆ, "ಲೇ ಗುರು, ಇನ್ನೂ ಒತ್ತು ಮೀರಿಲ್ಲ. ಆ ಗೊನೆ ಯಾರಿಗಾದ್ರೂ ಕೊಟ್ಬುಟ್ಟು ಬರಿಗೈಲಿ ಓಗಮ" ಎಂದರು. ಅವನು ಕೇಳಲಿಲ್ಲ. ನನ್ನ ಗಂಡ ಸಿದ್ದಯ್ಯನವರನ್ನು ಹೋಟೆಲಿನಲ್ಲಿ ಕೂರಿಸಿ ದೋಸೆ ಕೊಡಿಸಲು ನೋಡಿದರು. ಅವರೂ ಕೇಳಲಿಲ್ಲ. "ನಾನಾಗಿ ಬಾಯ್ ಬಿಡಾಕಿಲ್ಲ. ನಿಮ್ ಉಡುಗನ ಬಾಳು ಕೆಡ್ಸಕ್ಕೆ ಬಂದೋನಲ್ಲ ನಾನು. ಆದ್ರೆ ಯಾರಾದ್ರೂ ಕೇಳಿದ್ರೆ ಮಾತ್ರ ಇದ್ದದ್ದು ಹೇಳ್ತೀನಿ" ಎಂದು ನಮ್ಮ ಹಿಂದೆಯೇ ನಡೆದರು. ನನ್ನ ತವರಿನ ಬೀದಿಯಲ್ಲಿ ನಮ್ಮ ಮೆರವಣಿಗೆ ಹೀಗಿತ್ತು: ಮುಂದೆ ಅರ್ಧ ಗೊನೆ ಹೊತ್ತ ಮದುವೆ ಗಂಡು, ಹಿಂದೆ ಬರಿಗಾಲಿನ ಸತ್ಯ, ನಡುವೆ ಬೆವರುತ್ತಿದ್ದ ನಾವು. ಸಂಗಮದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು, ಆದರೂ ಬೆವರು.

ಚನ್ನಪ್ಪನವರು ಜಗಲಿಯಲ್ಲೇ ನಿಂತಿದ್ದರು. ಹೆಂಡತಿ ರತ್ನಮ್ಮ ಕಾಲಿಗೆ ನೀರು ಕೊಟ್ಟರು. ಚಾಪೆಯ ಮೇಲೆ ಕುಳಿತೆವು. ಗೊನೆಯನ್ನು ನಡುವೆ ಇಟ್ಟದ್ದಾಯಿತು. ಸಿದ್ದಯ್ಯ ಬಾಗಿಲ ಪಕ್ಕ ಜಗಲಿಯ ಅಂಚಿನಲ್ಲಿ ಕುಳಿತರು. ಚನ್ನಪ್ಪನವರ ಕಣ್ಣು ಮೊದಲು ಗೊನೆಯ ದಂಟಿನ ಮೇಲೆ ಹೋಯಿತು, ಆಮೇಲೆ ಸಿದ್ದಯ್ಯನ ಮೇಲೆ.

"ಏನ್ ಸಿದ್ದಯ್ಯ, ಗುರ್ತೂ ಬಂದದೆ, ಗುರ್ತಿನೋರೂ ಬಂದವ್ರೆ," ಎಂದರು ನಿಧಾನವಾಗಿ. "ಯಾವ್ ಗೊನೆ ಇದು?"

ಕೇಳಿಯೇಬಿಟ್ಟರು. ಸಿದ್ದಯ್ಯ ಹೇಳಲು ಬಾಯಿ ತೆರೆದರು. ಒಳಗಿನಿಂದ ಕೇಸರಿಬಾತಿನ ಏಲಕ್ಕಿ ವಾಸನೆ ಬರುತ್ತಿತ್ತು. ನಾನು ನನ್ನ ಗಂಡನ ಮುಖ ನೋಡಿದೆ, ಅವರು ಸೂರು ನೋಡುತ್ತಿದ್ದರು. ನಡುಮನೆಯ ಬಾಗಿಲಲ್ಲಿ ಕಾಫಿಯ ತಟ್ಟೆ ಹಿಡಿದು ಮಂಗಳ ನಿಂತಿದ್ದಳು. ಅವಳು ಗೊನೆಯನ್ನು ನೋಡುತ್ತಿರಲಿಲ್ಲ, ಗುರುಸ್ವಾಮಿಯನ್ನು ನೋಡುತ್ತಿದ್ದಳು. ಅವನು ಏನು ಹೇಳುತ್ತಾನೋ ಎಂದು ಅವಳ ಮುಖದಲ್ಲೂ ಭಯವಿತ್ತು. ಆಗ ನನಗೆ ತಿಳಿಯಿತು, ಈ ಹುಡುಗಿಗೂ ಇವನು ಬೇಕಾಗಿದ್ದಾನೆ.

"ಲಾರಿ ಅಣ್ಣು," ಎಂದ ಗುರುಸ್ವಾಮಿ.

ಸಿದ್ದಯ್ಯ ತೆರೆದ ಬಾಯಿಯನ್ನು ಹಾಗೇ ಇಟ್ಟುಕೊಂಡರು.

"ಸತ್ಯಮಂಗಲದ ಕಡೇದು. ಇವ್ರು ಬ್ಯಾಡ ಬ್ಯಾಡ ಅಂದ್ರೂ ನಾನೇ ಕಿತ್ಕೊಂಡು ಬಂದೆ. ನಮ್ಮಲ್ಲಿ ರಸಬಾಳೆ ಇಲ್ಲ." ಅವನು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. "ಇತ್ತು. ನಾನು ಐಸ್ಕೂಲಲ್ಲಿದ್ದಾಗ ರೋಗ ಬಂತು. ಅಪ್ಪ ಬುಡ ಸಮೇತ ಕಿತ್ತು ಸುಟ್ರು. ಸೌದೆ ಆಕಿದ್ದು ನಾನೇ. ಅಪ್ಪ ಅತ್ತದ್ದು ಅವತ್ತೊಂದ್ ದಿನಾನೇ ನಾನು ನೋಡಿದ್ದು."

ಅತ್ತೆ ಸೆರಗಿನ ಅಂಚು ಬಾಯಿಗೆ ಇಟ್ಟುಕೊಂಡರು.

"ಅದಾದ ಮೇಲೆ ವರ್ಷಾ ವರ್ಷಾ ಒಂದ್ ರಸಬಾಳೆ ಕಂದು ಎಲ್ಲಿಂದಾದ್ರೂ ತಂದು ಕಬ್ಬಿನ ಹಿಂದ್ಗಡೆ ಮೂಲೇಲಿ ನೆಡ್ತೀನಿ, ಅಪ್ಪನಿಗೆ ಗೊತ್ತಾಗ್ದಂಗೆ. ಗೊನೆ ಬಿಡೋ ಮುಂಚೆ ಒಣಗೋಯ್ತದೆ. ಈ ವರ್ಷದ್ದೂ ಒಣಗೋಯ್ತು. ನಿಮ್ ಮಗಳು ಅವತ್ತು ಕೇಳಿದಾಗ, ಇಲ್ಲ ಅನ್ನಕ್ಕೆ ನನ್ ಬಾಯಿ ಬರ್ಲಿಲ್ಲ."

ಅವನ ಕಥೆಗಳನ್ನು ನಾನು ಎಷ್ಟು ಕೇಳಿದ್ದೆ, ಎಷ್ಟಕ್ಕೆ ನಕ್ಕಿದ್ದೆ. ಈ ಒಂದನ್ನು ಅವನು ಯಾರಿಗೂ ಹೇಳಿರಲಿಲ್ಲ. ಸುಳ್ಳೇಕೆ, ನನಗೆ ಅಳು ಬಂತು. ಒಂದೇ ಮನೆಯಲ್ಲಿದ್ದು, ಅವನು ಒದ್ದೆ ಮಣ್ಣಿನ ಕೈಯಲ್ಲಿ ಕಬ್ಬಿನ ಕಡೆಯಿಂದ ಬರುವುದನ್ನು ಕಂಡು, ಏನು ಮಾಡುತ್ತಿದ್ದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮೊದಲು ಮಾತಾಡಿದವರು ಸಿದ್ದಯ್ಯ. ಜಗಳದ ದನಿಯಲ್ಲೇ ಕೇಳಿದರು. "ಅದೇ ಮಣ್ಣಲ್ಲಿ ಯಾಕಪ್ಪ ನೆಡ್ತೀಯ? ಆ ಮಣ್ಣು ಕೆಟ್ಟದೆ ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತು."

"ಗೊತ್ತಿದ್ದೂ ನೆಡ್ತೀಯ?"

"ಊಂ."

ಸಿದ್ದಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡು ಬೀದಿಯ ಕಡೆ ನೋಡಿದರು. ಮಂಗಳ ಕಾಫಿ ತಂದು ಕೊಟ್ಟಳು. ಚನ್ನಪ್ಪನವರು ತಮ್ಮ ಲೋಟವನ್ನು ಮುಟ್ಟಲಿಲ್ಲ. ಅವರು ಯೋಚಿಸುತ್ತಿದ್ದರು. ಇಲ್ಲದ್ದನ್ನು ಇದೆ ಎಂದವನೂ ಈ ಹುಡುಗನೇ, ಆಮೇಲೆ ಇಲ್ಲ ಎಂದವನೂ ಇವನೇ. ಹಿಂದಿನ ಗಂಡಿನ ಹಾಗೆ ಎಬ್ಬಿಸಿ ಕಳಿಸುತ್ತಾರೋ ಏನೋ ಎಂದುಕೊಂಡು ನಾನು ನಮ್ಮ ಚಪ್ಪಲಿಗಳು ಎಲ್ಲಿವೆ ಎಂದು ನೋಡಿಕೊಂಡೆ.

"ಸಿದ್ದಯ್ಯ," ಎಂದರು ಕೊನೆಗೆ. "ನೀನು ನಿನ್ ಮಾಲನ್ನೂ ಒಗಳೋನಲ್ಲ, ಪರರ ಮಾಲನ್ನೂ ಒಗಳೋನಲ್ಲ. ಬೆಳಿಗ್ಗೆಯಿಂದ ಇವ್ನ ಜೊತೆ ಜಗಳಾಡ್ಕೊಂಡು ಬಂದಿದ್ದೀಯ. ನೀನೇ ಹೇಳು. ಎಂಗಿದ್ದಾನೆ ಉಡುಗ?"

ಸಿದ್ದಯ್ಯ ಎದ್ದು ಬಂದು ನಮ್ಮ ಮೈದುನನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತರು. ಗೊನೆ ನೋಡುವ ಹಾಗೆ, ಆತುರವಿಲ್ಲದೆ, ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅವರ ಹತ್ತಿರ ಹಣ್ಣು ಕೊಂಡವರಿಗೆಲ್ಲ ಗೊತ್ತು, ಅವರು ಚೆನ್ನಾಗಿಲ್ಲ ಅಂದರೆ ಚೆನ್ನಾಗಿಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಒರ್ಗಡೆ ಬಣ್ಣ ಜಾಸ್ತಿ ಆಯ್ತು," ಎಂದರು ಸಿದ್ದಯ್ಯ. "ಇನ್ನೂ ಮಾಗ್ಬೇಕು. ಆದ್ರೆ ಒಳ್ಗೆ ಕೊಳ್ತಿಲ್ಲ ಚನ್ನಪ್ಪನೋರೇ. ಮನೇಲಿಟ್ಕೊಬಹುದು."

ಅಷ್ಟಕ್ಕೆ ಸುಮ್ಮನಿದ್ದರೆ ಅವನು ನಮ್ಮ ಗುರುಸ್ವಾಮಿಯೇ ಅಲ್ಲ. ಅವನ ಬೆನ್ನು ನೆಟ್ಟಗಾಯಿತು. ಕೈ ಜೇಬಿನ ಕನ್ನಡಕದ ಕಡೆ ಹೋಯಿತು. ಚಾಪೆಯಿಂದ ಅರ್ಧ ಎದ್ದು, "ಕೊಳ್ತಿಲ್ಲ ಅಂದ್ರೆ ಏನ್ರೀ ಸಿದ್ದಯ್ಯ? ಇಡೀ ತಾಲ್ಲೂಕಲ್ಲಿ ನನ್ನಂಥ ಆಳು..." ಎಂದು ಶುರು ಮಾಡಿದ.

"ಸಾಕು, ಕೂತ್ಕೊಳ್ಳಿ," ಎಂದಳು ಮಂಗಳ.

ಜೋರಾಗಿಯೂ ಅಲ್ಲ, ಸಿಟ್ಟಿನಿಂದಲೂ ಅಲ್ಲ. ವರ್ಷಗಟ್ಟಲೆ ಸಂಸಾರ ಮಾಡಿದವಳ ದನಿ. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ತಿಳಿದು ಅವಳ ಮುಖ ಕೆಂಪಾಯಿತು, ಆದರೆ ಒಳಗೆ ಓಡಿಹೋಗಲಿಲ್ಲ.

ಗುರುಸ್ವಾಮಿ ಕೂತ. ಆ ಮಾತು ಇವತ್ತಿನವರೆಗೂ ಅರ್ಧದಲ್ಲೇ ನಿಂತಿದೆ. ಚನ್ನಪ್ಪನವರು ಮಗಳನ್ನೊಮ್ಮೆ ನೋಡಿ, ನಕ್ಕು, ಆರಿಹೋಗಿದ್ದ ಕಾಫಿಯ ಲೋಟವನ್ನು ಎತ್ತಿಕೊಂಡರು.

ಅತ್ತೆ ನನ್ನ ಕೈ ಬಿಟ್ಟು, ಕಣ್ಣೊರೆಸಿಕೊಂಡು, ರತ್ನಮ್ಮನವರ ಕಡೆ ತಿರುಗಿದರು.

"ತಾಂಬೂಲದ ತಟ್ಟೆ ತತ್ತೀರಾ ಬೀಗಿತಿ?" ಎಂದರು.